ಸಂಪು ಒಣಗಿದೆ, ತಟ್ಟುತ್ತಿರುವುದು ಟ್ಯಾಂಕನ್ನು

ಮಾವ ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ಹಿಮ್ಮಡಿ ಎದ್ದಿದೆ, ಬೆರಳುಗಳು ನೆಲಕ್ಕೆ ಅಂಟಿವೆ, ಮೊಣಕಾಲು ಸಣ್ಣಗೆ ಅದುರುತ್ತಿದೆ. ಅತ್ತೆ ಹಿಂದಿನಿಂದ "ಎಡಗಾಲು ಎತ್ತಿ" ಅನ್ನುತ್ತಾರೆ. ಮಾವ "ಎತ್ತಿದೀನಲ್ಲ" ಅನ್ನುತ್ತಾರೆ. ಎತ್ತಿಲ್ಲ.

ಇದೇ ಮನುಷ್ಯ ನಿನ್ನೆ ಸಂಜೆ ದೊಡ್ಡ ಬಸವಣ್ಣನ ಗುಡಿಯ ಮೆಟ್ಟಿಲುಗಳನ್ನು ನನಗಿಂತ ಮೊದಲು ಹತ್ತಿ, ಮೇಲೆ ನಿಂತು ನನ್ನನ್ನು ಕಾಯುತ್ತಿದ್ದರು.

*

ಬಸವನಗುಡಿಯ ಹಳೇ ಮನೆ. ಕೆಂಪು ಗಾರೆಯ ನೆಲ, ಐವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದೆ. ಎಲ್ಲಿ ನೋಡಿದರೂ ಒಂದು ಗೆರೆ ಇಲ್ಲ. ಅಡುಗೆಮನೆಗೆ ಮಾತ್ರ ಈಚೆಗೆ ಟೈಲ್ಸ್ ಹಾಕಿಸಿದ್ದಾರೆ. ಅಡುಗೆಮನೆಯಲ್ಲಿ ಮಾವ ಟೈಲ್ಸಿನ ಸಂದಿಗಳನ್ನು ದಾಟಿ ದಾಟಿ ಸರಾಗ ನಡೆಯುತ್ತಾರೆ. ನಡುಮನೆಗೆ ಬಂದರೆ ಕಂಬ. ಫಿಸಿಯೋಥೆರಪಿಯ ಹುಡುಗ ಬಂದು ಬಿಳಿ ಟೇಪನ್ನು ಒಂದೊಂದು ಅಡಿಗೆ ಅಡ್ಡಡ್ಡ ಅಂಟಿಸಿದ. ಮಾವ ನಡೆದರು! ಅತ್ತೆ ಕಣ್ಣು ಒರೆಸಿಕೊಂಡರು. ಹತ್ತು ರೂಪಾಯಿಯ ಟೇಪು.

ಗೆರೆ ಇದ್ದರೆ ನಡೆಯುವ ಕಾಲು ಗೆರೆ ಇಲ್ಲದಾಗ ಯಾಕೆ ನಡೆಯುವುದಿಲ್ಲ? ಕಾಲಿಗೇನಾಗಿದೆ? ಏನೂ ಆಗಿಲ್ಲ.

*

2010ರಲ್ಲಿ ನೆದರ್ಲೆಂಡ್ಸಿನ ಇಬ್ಬರು ವೈದ್ಯರು ಒಂದು ವಿಡಿಯೊ ಪ್ರಕಟಿಸಿದರು. 58 ವರ್ಷದ ರೋಗಿ, ಮಾವನಿಗಿರುವ ಪಾರ್ಕಿನ್ಸನ್ಸೇ, ಹತ್ತು ವರ್ಷದಿಂದ. ಆಸರೆ ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮುಗ್ಗರಿಸುತ್ತಾನೆ. ಅವನನ್ನೇ ಸೈಕಲ್ ಮೇಲೆ ಕೂರಿಸಿದರೆ ಸಲೀಸಾಗಿ ತುಳಿದುಕೊಂಡು ಹೋಗಿ, ತಿರುಗಿಸಿಕೊಂಡು ವಾಪಸ್ ಬರುತ್ತಾನೆ. ಇಳಿದ ಕೂಡಲೇ ಮತ್ತೆ ಅಲ್ಲೇ ಸ್ತಬ್ಧ. ನಡೆಯುವ ಶಕ್ತಿಯೂ ಇದೆ, ವಿದ್ಯೆಯೂ ಇದೆ; 'ಹೊರಡು' ಅನ್ನುವ ಅಪ್ಪಣೆ ಮಾತ್ರ ಕಚೇರಿಯ ಯಾವುದೋ ಮೇಜಿನ ಮೇಲೆ ಕಡತದ ಹಾಗೆ ಕೂತಿದೆ.

ಮಾವನಿಗೆ ತೋರಿಸಿದೆ. ನೋಡಿ, "ನನಗೆ ಸೈಕಲ್ ಬರಲ್ಲ ಕಣೋ" ಅಂದರು.

*

ಮಾವ ಲೋಕೋಪಯೋಗಿ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ನಕ್ಷೆಯ ಮೂಲೆಯಲ್ಲಿ ಅವರು ಬರೆದ ಅಕ್ಷರವನ್ನು ಅಚ್ಚಿನದೆಂದು ತಿಳಿದವರುಂಟು. ಕಾಯಿಲೆ ಮೊದಲು ಕಂಡದ್ದು ನಡುಕದಲ್ಲಲ್ಲ, ಅಕ್ಷರದಲ್ಲಿ. ಒಂದು ಬ್ಯಾಂಕಿನವರು ಸಹಿ ಹೊಂದುತ್ತಿಲ್ಲವೆಂದು ಚೆಕ್ಕು ವಾಪಸ್ ಕಳಿಸಿದರು. ಮಾವ ಸಿಟ್ಟಿನಲ್ಲಿ ಕೌಂಟರಿಗೇ ಹೋಗಿ ಮೂರು ಸಲ ಸಹಿ ಹಾಕಿದರು. ಮೊದಲನೆಯದಕ್ಕಿಂತ ಎರಡನೆಯದು ಚಿಕ್ಕದು, ಎರಡನೆಯದಕ್ಕಿಂತ ಮೂರನೆಯದು. ಇರುವೆ ಸಾಲು ಗೂಡಿಗೆ ಹೋದ ಹಾಗೆ. ಮೋಸಗಾರನೆಂಬ ನೋಟದಿಂದ ನೋಡಿದ ಆ ಗುಮಾಸ್ತನೇ ಒಂದು ಲೆಕ್ಕದಲ್ಲಿ ರೋಗ ಕಂಡುಹಿಡಿದ ಮೊದಲಿಗ.

ಮೂಗು ಅದಕ್ಕೂ ಮುಂಚೆಯೇ ಹೋಗಿತ್ತಂತೆ. ಅತ್ತೆ ಈಗ ಲೆಕ್ಕ ಹಾಕುತ್ತಾರೆ: "ಇವರು ಒಗ್ಗರಣೆ ವಾಸನೆಗೆ ಸೀನೋದು ಬಿಟ್ಟು ಎಂಟು ವರ್ಷ ಆಯ್ತು. ನಾನು ಸುಖ ಅಂದ್ಕೊಂಡಿದ್ದೆ."

*

ಮಾತ್ರೆ ಜಗ್ಗುತ್ತಿಲ್ಲ. ಮೊದಲು ಒಂದು ಸಿಂಡೋಪಾ ನುಂಗಿದರೆ ಐದು ಗಂಟೆ ಬರುತ್ತಿತ್ತು, ಈಗ ಮೂರಕ್ಕೇ ಇಳಿಯುತ್ತದೆ. 'ಆನ್', 'ಆಫ್' ಎಂಬ ಎರಡು ಶಬ್ದ ಮನೆಯ ಮಾತಾಗಿವೆ. ಫೋನಿನಲ್ಲಿ ಯಾರಾದರೂ ಕೇಳಿದರೆ ಅತ್ತೆ "ಈಗ ಆಫ್ ಆಗಿದ್ದಾರೆ, ಆಮೇಲೆ ಮಾಡಿ" ಅನ್ನುತ್ತಾರೆ. ಗೊತ್ತಿಲ್ಲದವರು ಗಾಬರಿಯಾಗುತ್ತಾರೆ.

ಡಾಕ್ಟರಮ್ಮ ಹೊಸದೊಂದನ್ನು ಹೇಳಿದರು. ತಲೆಯ ಮೇಲೆ ಒಂದು ಕಾಯಿಲ್ ಹಿಡಿದು ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸುವುದು. ಎರಡು ವಾರ, ವಾರಕ್ಕೆ ಐದರಂತೆ ಹತ್ತು ಸಿಟ್ಟಿಂಗ್. ಅವರ ಮಾತನ್ನು ಹಾಗೇ ಬರೆದುಕೊಂಡಿದ್ದೇನೆ: "ಮಾತ್ರೆ ಬಿಡೋ ಹಾಗಿಲ್ಲ, ಇದು ಅದರ ಜೊತೆಗೆ. ಕೆಲವರಿಗೆ ನಡಿಗೆ ಹಗುರಾಗತ್ತೆ. ಕೆಲವರಿಗೆ ಏನೂ ಆಗಲ್ಲ. ಆದರೂ ಅದು ಕೆಲವು ವಾರದ ಮಾತು." ಮಾರುವವರು ಹೀಗೆ ಮಾತಾಡುವುದಿಲ್ಲ. ಅದಕ್ಕೇ ಒಪ್ಪಿದೆವೋ ಏನೋ.

ಅತ್ತೆಯ ಕಿವಿಗೆ ಬಿದ್ದದ್ದು ಒಂದೇ. "ತಲೆಗೆ ಕರೆಂಟ್ ಕೊಡ್ತಾರಂತೆ." ಅವರ ತಲೆಯಲ್ಲಿರುವುದು ಹಳೇ ಸಿನಿಮಾದ ಶಾಕ್ ಟ್ರೀಟ್‌ಮೆಂಟು. ಅದು ಬೇರೆ: ಅರಿವಳಿಕೆ ಕೊಟ್ಟು, ಬೇಕೆಂದೇ ಮಿದುಳಿನಲ್ಲಿ ಫಿಟ್ಸ್ ಬರಿಸುವ ಚಿಕಿತ್ಸೆ. ಇದರಲ್ಲಿ ಎಚ್ಚರವಾಗಿಯೇ ಕೂತಿರಬೇಕು. ಫಿಟ್ಸ್ ಬರಬಾರದು, ಬರುವುದು ತೀರಾ ಅಪರೂಪ, ಆದರೂ ಹಿಂದೆ ಬಂದಿತ್ತೇ, ತಲೆಯೊಳಗೆ ಲೋಹದ ಕ್ಲಿಪ್ಪಿದೆಯೇ, ಕಿವಿಯಲ್ಲಿ ಇಂಪ್ಲಾಂಟ್ ಇದೆಯೇ, ಪೇಸ್‌ಮೇಕರ್ ಇದೆಯೇ ಎಂದು ಎರಡೆರಡು ಸಲ ಕೇಳುತ್ತಾರೆ.

ಇನ್ನೊಂದು ದಾರಿ ಆಪರೇಷನ್. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲೀಂ ಲೂಯಿ ಬೆನಬಿಡ್ 1987ರಲ್ಲಿ ಶುರುಮಾಡಿದ್ದು: ತಲೆಬುರುಡೆಗೆ ತೂತು ಕೊರೆದು, ಮಿದುಳಿನ ಆಳಕ್ಕೆ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುವುದು. ಅದರ ಗುಣ ಖಚಿತ, ಇದರದು ಖಚಿತವಲ್ಲ. ಹಾಗಂತ ಡಾಕ್ಟರಮ್ಮನೇ ಹೇಳಿದರು. ಆದರೆ ಮಾವ "ತೂತು ಬೇಡ" ಅಂದುಬಿಟ್ಟರು.

"ಇದರಲ್ಲಿ ತಲೆ ಕೊರೆಯೋದಿಲ್ಲ ಮಾವ."

"ಹಾಗಾದ್ರೆ ನಿನ್ನನ್ನ ಒಳಗೆ ಬಿಡಲ್ಲ ಅಂತಾಯ್ತು."

ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಈ ಕಾಯಿಲೆ ಮುಖವನ್ನು ಮುಖವಾಡ ಮಾಡುತ್ತದೆ. ಜೋಕು ಹೇಳಿದ್ದಾರೋ ಬೈದಿದ್ದಾರೋ ಎಂದು ನಾವೇ ಊಹಿಸಿಕೊಳ್ಳಬೇಕು.

*

ಮೊದಲ ದಿನ. ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಕುರ್ಚಿ. ಕಿವಿಗೆ ಹತ್ತಿಯಂಥ ಬಿರಡೆ. ಕಾಯಿಲ್ ಎಂದರೆ ಪ್ಲಾಸ್ಟಿಕ್ಕಿನೊಳಗೆ ಅಡಗಿಸಿದ ತಾಮ್ರದ ಎರಡು ಸುರುಳಿ, ಇಂಗ್ಲಿಷ್ 8ರ ಆಕಾರ. ಕನ್ನಡದ ಎಂಟಾಗಿದ್ದರೆ ಒಂದು ಕಡೆ ತೆರೆದಿರುತ್ತಿತ್ತು. ತಂತ್ರಜ್ಞೆ ಹುಡುಗಿ ಮಾವನ ನೆತ್ತಿಯ ಎಡಭಾಗದಲ್ಲಿ ಅದನ್ನು ಅತ್ತಿತ್ತ ಸರಿಸುತ್ತ ಒಂದೊಂದೇ ಏಟು ಬಿಡುತ್ತಿದ್ದಳು. ಅಡಿಕೆ ಕತ್ತರಿಸಿದ ಸದ್ದು. ಕಟ್. ಏನಿಲ್ಲ. ಅರ್ಧ ಬೆರಳು ಹಿಂದಕ್ಕೆ. ಕಟ್. ಏನಿಲ್ಲ. ಕಟ್, ಮಾವನ ಬಲಗೈ ಹೆಬ್ಬೆರಳು ತಟ್ಟನೆ ಒಳಕ್ಕೆ ನೆಗೆಯಿತು.

"ಸಿಕ್ತು" ಅಂದಳು. ಟೋಪಿಯ ಮೇಲೆ ಪೆನ್ನಿನಿಂದ ಗುರುತು ಹಾಕಿದಳು. ಆಮೇಲೆ ಶಕ್ತಿಯನ್ನು ಇಳಿಸುತ್ತ ಹೋಗಿ, ಹತ್ತರಲ್ಲಿ ಐದು ಸಲ ಬೆರಳು ಮಿಡಿಯುವಷ್ಟಕ್ಕೆ ನಿಲ್ಲಿಸಿದಳು. ಅದು ಆ ಮನುಷ್ಯನ ಅಳತೆ. ಒಬ್ಬೊಬ್ಬರ ತಲೆಗೆ ಒಂದೊಂದು.

ಮಾವ ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. "ಇದು ನನ್ನ ಮಾತು ಕೇಳದೆ ಐದು ವರ್ಷ ಆಯ್ತಮ್ಮ. ನಿನ್ನ ಮಾತು ಕೇಳ್ತಿದೆ ನೋಡು."

*

ಮನೆಗೆ ಬಂದು ಓದಿದ್ದು. ಹಳೇ ಭೌತಶಾಸ್ತ್ರವೇ. ಫ್ಯಾರಡೆ 1831ರಲ್ಲಿ ತೋರಿಸಿದ್ದು: ಕಾಂತಕ್ಷೇತ್ರ ಬದಲಾದರೆ ಹತ್ತಿರದ ವಾಹಕದಲ್ಲಿ ವಿದ್ಯುತ್ ಹುಟ್ಟುತ್ತದೆ. ಇಲ್ಲಿ ವಾಹಕ ಅಂದರೆ ಮಾವನ ಮಿದುಳು. ಕಾಯಿಲಿನಲ್ಲಿ ಸಾವಿರಾರು ಆಂಪಿಯರ್ ಕರೆಂಟು, ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಹರಿಯುತ್ತದೆ. ಕ್ಷೇತ್ರದ ಬಲ ಎಂಆರ್‌ಐ ಯಂತ್ರದಷ್ಟೇ, ಒಂದೂವರೆ ಎರಡು ಟೆಸ್ಲಾ. ಬುರುಡೆಯ ಮೂಳೆ ಕರೆಂಟಿಗೆ ಅಡ್ಡ ನಿಲ್ಲುತ್ತದೆ, ಕಾಂತಕ್ಕೆ ನಿಲ್ಲುವುದಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಜೊತೆಯವರು 1985ರಲ್ಲಿ ಹೀಗೆ ಮನುಷ್ಯನ ಕೈ ಮಿಡಿಯುವಂತೆ ಮಾಡಿದರು. ಅವರಿಗೆ ಬೇಕಿದ್ದದ್ದು ನರಗಳ ಪರೀಕ್ಷೆಗೆ ಒಂದು ಸಾಧನ. ಚಿಕಿತ್ಸೆ ಆಮೇಲೆ ಬಂದ ಆಸೆ.

ಜಾತ್ರೆಯಲ್ಲಿ ಮಾರುವ ಮ್ಯಾಗ್ನೆಟ್ ಬೆಲ್ಟು, ಮ್ಯಾಗ್ನೆಟ್ ಬಳೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಸುಮ್ಮನೆ ಕೂತ ಅಯಸ್ಕಾಂತ ಕರೆಂಟು ಹುಟ್ಟಿಸುವುದಿಲ್ಲ. ಪಕ್ಕದ ಮನೆಯವರು ಕೊಟ್ಟ ಬಳೆಯನ್ನು ಅತ್ತೆ ಆದರೂ ಮಾವನ ಕೈಗೆ ಹಾಕಿದ್ದಾರೆ. ಸಿಟ್ಟಿಂಗಿಗೆ ಹೋಗುವಾಗ ತೆಗೆಯಬೇಕು, ಬಂದ ಮೇಲೆ ಹಾಕಬೇಕು. ಆ ಕೆಲಸ ನನ್ನದು.

*

ಗೊಂದಲ ಇಲ್ಲಿಂದ.

ರೋಗವಿರುವುದು ಮಿದುಳಿನ ಬುಡದಲ್ಲಿ, ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಲ್ಲಿ. ಅಲ್ಲಿನ ಕಪ್ಪು ಕೋಶಗಳು ಡೋಪಮೀನ್ ತಯಾರಿಸಿ ಮೇಲಕ್ಕೆ ಕಳಿಸುತ್ತವೆ. ಕೈ ನಡುಗಲು ಶುರುವಾಗುವ ಹೊತ್ತಿಗೆ ಅರ್ಧಕ್ಕರ್ಧ ಸತ್ತಿರುತ್ತವೆ. ಕಾಯಿಲಿನ ಬಲವಾದರೋ ಎರಡು ಮೂರು ಸೆಂಟಿಮೀಟರಿಗೇ ಸೋರಿಹೋಗುತ್ತದೆ. ಹೊರಪದರವನ್ನು ತಟ್ಟೀತು, ಬುಡ ಮುಟ್ಟಲಾರದು. ನಮ್ಮ ಬೀದಿಯ ಭಾಷೆಯಲ್ಲಿ ಹೇಳಬೇಕೆಂದರೆ ಸಂಪು ಒಣಗಿದೆ, ಇವರು ತಾರಸಿ ಹತ್ತಿ ಟ್ಯಾಂಕನ್ನು ತಟ್ಟುತ್ತಿದ್ದಾರೆ.

ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಅವರು ಕಾಗದದ ಮೇಲೆ ಒಂದು ಸುತ್ತು ಬರೆದರು. ಹೊರಪದರದಿಂದ ಮಿದುಳಿನ ಆಳದಲ್ಲಿರುವ ಒಳಗಂಟುಗಳಿಗೆ, ಅಲ್ಲಿಂದ ಥಲಾಮಸ್ಸಿಗೆ, ಅಲ್ಲಿಂದ ಮತ್ತೆ ಹೊರಪದರಕ್ಕೆ. "ಪೈಪು ಒಂದೇ ರೀ. ಮೇಲೆ ತಟ್ಟಿದ್ರೆ ಕೆಳಗೂ ಅದುರತ್ತೆ." ಇದು ಬರೀ ಉಪಮೆಯಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಕೆನಡಾದಲ್ಲಿ ಆಂಟೋನಿಯೊ ಸ್ಟ್ರಫೆಲ್ಲ ಮತ್ತು ಸಂಗಡಿಗರು ಆರೋಗ್ಯವಂತರ ನೆತ್ತಿಯ ಮೇಲೆ ಕಾಯಿಲ್ ಬಡಿದು ಪೆಟ್ ಸ್ಕ್ಯಾನ್ ಮಾಡಿ ನೋಡಿದರು. ಮೇಲೆ ಬಡಿದರೆ ಒಳಗಂಟಿನಲ್ಲಿ ಡೋಪಮೀನ್ ಬಿಡುಗಡೆಯಾಗಿತ್ತು.

ಸರಿ, ಒಪ್ಪಿದೆ. ಒಂದು ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮಾರನೆಯ ದಿನ ಅದೇ ಸ್ಟ್ರಫೆಲ್ಲ ತಂಡದ 2006ರ ಇನ್ನೊಂದು ಕೆಲಸ ಕಣ್ಣಿಗೆ ಬಿತ್ತು. ಪಾರ್ಕಿನ್ಸನ್ಸ್ ರೋಗಿಗಳ ತಲೆಯ ಮೇಲೆ ಹುಸಿ ಪ್ರಚೋದನೆ. ಸದ್ದುಂಟು, ಏಟಿಲ್ಲ. ಆಗಲೂ ಡೋಪಮೀನ್ ಬಿಡುಗಡೆಯಾಗಿತ್ತು.

*

ಆಟೋದಲ್ಲಿ ಹೋಗಿ ಬರುವುದು. ರಸ್ತೆ ಅಗೆದಿದ್ದಾರೆ, ಎಲ್ಲಾ ಕಡೆ ಹಳ್ಳ. ನನ್ನ ಸೊಂಟ ಹೋಯಿತು. ಮಾವ ಮಾತ್ರ ಇಳಿಯುವಾಗ ಹಗುರಾಗಿದ್ದರು. "ಗಾಡಿ ಕುಲುಕಿದ್ರೆ ಮೈ ಸಡಿಲ ಆಗತ್ತೆ ಕಣೋ." ಹೀಗೂ ಉಂಟೇ ಎಂದು ನಕ್ಕಿದ್ದೆ.

ಉಂಟು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ, ಈ ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರಿಟ್ಟ ಮಹಾಶಯ. ಅವನ ರೋಗಿಗಳೂ ಇದೇ ಹೇಳುತ್ತಿದ್ದರಂತೆ: ದೂರ ರೈಲಿನಲ್ಲೋ ಕುದುರೆಗಾಡಿಯಲ್ಲೋ ಬಂದ ದಿನ ಮೈ ಹಗುರ, ಹಾದಿ ಎಷ್ಟು ಕೆಟ್ಟದೋ ಅಷ್ಟು ಒಳ್ಳೆಯದು. ಬೇರೆ ಡಾಕ್ಟರಾದರೆ ತಲೆಯಾಡಿಸಿ ಮುಂದಿನವರನ್ನು ಕರೆಯುತ್ತಿದ್ದ. ಶಾರ್ಕೋ ಗಡಗಡ ಅದುರುವ ಕುರ್ಚಿಯನ್ನೇ ಮಾಡಿಸಿದ. ಅದರಲ್ಲಿ ಅರ್ಧ ಗಂಟೆ ಕೂತವರು ಎದ್ದು ಚುರುಕಾಗಿ ನಡೆದರು, ರಾತ್ರಿ ನಿದ್ದೆ ಬಂತು ಅಂದರು. 1892ರಲ್ಲಿ ಅವನ ಶಿಷ್ಯ ಜಿಲ್ ದ ಲ ತುರೆತ್ ಅದುರುವ ಶಿರಸ್ತ್ರಾಣವನ್ನೂ ವರ್ಣಿಸಿ ಬರೆದ. ತಲೆಯ ಮೇಲೆ ಕೂತು ಗುಂಯ್‌ಗುಡುವ ಲೋಹದ ಟೋಪಿ. ಮಾರನೆಯ ವರ್ಷ ಶಾರ್ಕೋ ತೀರಿಕೊಂಡ, ಕುರ್ಚಿ ಮೂಲೆ ಸೇರಿತು.

ನೂರಿಪ್ಪತ್ತು ವರ್ಷದ ಮೇಲೆ ಶಿಕಾಗೋದ ರಶ್ ವಿಶ್ವವಿದ್ಯಾಲಯದವರಿಗೆ ಆ ಕುರ್ಚಿ ನೆನಪಾಯಿತು. ಅದುರುವ ಈಗಿನ ಕುರ್ಚಿಯೊಂದನ್ನು ತಂದು, ಅರ್ಧ ಜನರನ್ನು ಅದುರಿಸಿದರು. ಉಳಿದವರನ್ನು ಅದುರಿಸದೆ, ಹಿತವಾದ ಸದ್ದು ಕೇಳಿಸಿ ಕೂರಿಸಿದರು. 2012ರಲ್ಲಿ ಫಲಿತಾಂಶ ಬಂತು. ಕುಲುಕಿಸಿಕೊಂಡವರಿಗೆ ಗುಣ ಕಂಡಿತ್ತು. ಕುಲುಕದೆ ಕೂತವರಿಗೂ ಅಷ್ಟೇ ಗುಣ ಕಂಡಿತ್ತು.

ನಾನು ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದೆ ಕಾಫಿ ಕುಡಿದೆ. ಶಾರ್ಕೋ ಸುಳ್ಳು ಹೇಳಲಿಲ್ಲ. ರೋಗಿಗಳೂ ಸುಳ್ಳು ಹೇಳಲಿಲ್ಲ. ಗುಣವಾದದ್ದು ನಿಜ, ಕುರ್ಚಿಯಿಂದ ಎಂಬುದಷ್ಟೇ ಸುಳ್ಳು.

*

ಬೇರೆ ಕಾಯಿಲೆಗಳಲ್ಲಿ ನಂಬಿಕೆ ಒಂದು ಕಡೆ, ಔಷಧ ಒಂದು ಕಡೆ. ಇಲ್ಲಿ ಹಾಗಿಲ್ಲ. ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆ ಮಿದುಳಿನಲ್ಲಿ ಓಡಾಡುವುದೇ ಡೋಪಮೀನ್ ರೂಪದಲ್ಲಿ, ಕಡಿಮೆಯಾಗಿರುವುದೂ ಅದೇ. 2001ರಲ್ಲಿ ವ್ಯಾಂಕೂವರಿನವರು ರೋಗಿಗಳಿಗೆ ಬರೀ ಉಪ್ಪುನೀರಿನ ಸೂಜಿ ಚುಚ್ಚಿ ಸ್ಕ್ಯಾನ್ ಮಾಡಿದಾಗ ಡೋಪಮೀನ್ ಬಿಡುಗಡೆಯಾದದ್ದು ಕಣ್ಣಿಗೇ ಕಂಡಿತ್ತು.

ಇದಕ್ಕೂ ಚೆಂದದ್ದು 2015ರಲ್ಲಿ ಅಮೆರಿಕದಲ್ಲಿ ನಡೆದದ್ದು. ಹನ್ನೆರಡು ರೋಗಿಗಳು. ಎರಡು ಇಂಜೆಕ್ಷನ್ ಕೊಡುತ್ತೇವೆ, ಒಂದು 100 ಡಾಲರಿನದು, ಇನ್ನೊಂದು 1500 ಡಾಲರಿನದು, ಗುಣ ಎರಡರದೂ ಒಂದೇ ಎಂದು ಹೇಳಿದರು. ಎರಡೂ ಉಪ್ಪುನೀರು. ದುಬಾರಿ ಉಪ್ಪುನೀರು ಕೈಕಾಲನ್ನು ಹೆಚ್ಚು ಚುರುಕು ಮಾಡಿತು.

ನಮ್ಮ ಸಿಟ್ಟಿಂಗಿನ ಬಿಲ್ಲನ್ನು ಮಾವನಿಗೆ ತೋರಿಸದೆ ನಾನೇ ಕಟ್ಟುತ್ತಿದ್ದೆ. ಓದಿದ ಮೇಲೆ ತೋರಿಸಿದೆ. ಹುಬ್ಬು ಏರಿತು. ಆ ಮುಖದಲ್ಲಿ ಹುಬ್ಬು ಏರುವುದೇ ಒಂದು ಸುದ್ದಿ.

*

ಜೇಮ್ಸ್ ಪಾರ್ಕಿನ್ಸನ್ 1817ರ ತನ್ನ ಪುಟ್ಟ ಪುಸ್ತಕದಲ್ಲಿ ಆರು ಜನರನ್ನು ವರ್ಣಿಸಿದ್ದಾನೆ. ಅವರಲ್ಲಿ ಕೆಲವರು ಅವನ ರೋಗಿಗಳೇ ಅಲ್ಲ, ಲಂಡನ್ನಿನ ಬೀದಿಯಲ್ಲಿ ಕಣ್ಣಿಗೆ ಬಿದ್ದವರು. ಒಬ್ಬನನ್ನಂತೂ ದೂರದಿಂದ ನೋಡಿದ್ದಷ್ಟೇ. ನನಗೂ ಈಗ ಆ ಚಾಳಿ ಅಂಟಿದೆ. ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತ ನಿಂತರೆ ಜನರ ಕೈ ನೋಡುತ್ತೇನೆ. ನಡೆಯುವಾಗ ಒಂದೇ ಕೈ ಬೀಸುತ್ತಿದೆಯೇ? ಸುಮ್ಮನಿದ್ದಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಏನನ್ನೋ ಹೊಸೆಯುತ್ತಿದೆಯೇ? ಮೊನ್ನೆ ಒಬ್ಬರನ್ನು ಹೀಗೇ ದಿಟ್ಟಿಸುತ್ತಿದ್ದಾಗ ಅವರು "ಏನ್ರೀ?" ಅಂದರು. ಜೇಬಿನಲ್ಲಿ ಚಿಲ್ಲರೆ ಎಣಿಸುತ್ತಿದ್ದರಷ್ಟೇ.

*

ನಾಲ್ಕನೆಯ ಸಿಟ್ಟಿಂಗ್. ಸೆಕೆಂಡಿಗೆ ಹತ್ತರಂತೆ ನಾಲ್ಕು ಸೆಕೆಂಡು ಏಟು, ಆಮೇಲೆ ಬಿಡುವು, ಮತ್ತೆ ನಾಲ್ಕು ಸೆಕೆಂಡು. ಮರಕುಟಿಗ ಕೂತು ಕುಟ್ಟಿ, ಯೋಚಿಸಿ, ಮತ್ತೆ ಕುಟ್ಟಿದ ಹಾಗೆ. ಮೂರನೇ ಒಂದು ಪಾಲು ಆಗುವಷ್ಟರಲ್ಲಿ ಯಂತ್ರ ನಿಂತಿತು. ಕಾಯಿಲ್ ಬಿಸಿಯಾಗಿದೆ ಎಂದು ಪರದೆಯಲ್ಲಿ ಬಂತು. ತಣಿಯಲಿ ಎಂದು ಕಾದೆವು, ಮತ್ತೆ ಹಾಕಿದರೆ ಮತ್ತೆ ನಿಂತಿತು. ಹುಡುಗಿ ಮುಖ ಸಣ್ಣ ಮಾಡಿಕೊಂಡು "ನಾಳೆ ಬನ್ನಿ ಅಂಕಲ್, ಇದನ್ನ ಲೆಕ್ಕಕ್ಕೆ ಹಿಡಿಯಲ್ಲ" ಅಂದಳು.

ಆ ಸಂಜೆ ಮಾವ ಟೇಪಿಲ್ಲದ ಕಡೆಯಲ್ಲಿ, ನಡುಮನೆಯ ಆ ತುದಿಯಿಂದ ಈ ತುದಿಗೆ, ದೇವರಮನೆಯ ಹೊಸ್ತಿಲನ್ನೂ ದಾಟಿ, ಒಂದು ಕಡೆಯೂ ನಿಲ್ಲದೆ ಬಂದರು. ಇಡೀ ಹತ್ತು ದಿನದಲ್ಲಿ ಅಷ್ಟು ಚೆನ್ನಾಗಿ ನಡೆದದ್ದು ಅವತ್ತೇ.

ಇದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕು? ಮೂರನೇ ಒಂದು ಪಾಲು ಏಟಿಗೋ, ಹಿಂದಿನ ಮೂರು ದಿನದ್ದು ಸೇರಿ ಬಂದದ್ದೋ, ಎರಡು ಸಲ ಆಟೋ ಕುಲುಕಿದ್ದೋ? ಅವತ್ತು ಮಧ್ಯಾಹ್ನ ಮಾವ ತಡವಾಗಿ ಊಟ ಮಾಡಿದ್ದರು; ಮಾತ್ರೆ ಖಾಲಿ ಹೊಟ್ಟೆಗೆ ಬಿದ್ದಿತ್ತು. ಬೇಳೆ, ಹಾಲು, ಮೊಸರಿನ ಪ್ರೊಟೀನು ಈ ಮಾತ್ರೆಯ ಜೊತೆ ಕರುಳಿನ ಬಾಗಿಲಲ್ಲಿ ತಳ್ಳಾಡುತ್ತದೆ. ಅದಿಲ್ಲದಿದ್ದರೆ ಮಾತ್ರೆ ಸಲೀಸಾಗಿ ಒಳಗೆ ಹೋಗುತ್ತದೆ. ಅದೂ ಇರಬಹುದು. ನನ್ನ ಪುಸ್ತಕದಲ್ಲಿ ಒಂದು ಸಾಲು ಬರೆದು, ಎದುರಿಗೆ ನಾಲ್ಕು ಕಾರಣ ಬರೆದು, ಎಲ್ಲಕ್ಕೂ ಪ್ರಶ್ನೆಚಿಹ್ನೆ ಹಾಕಿದ್ದೇನೆ.

*

ಮಾತ್ರೆಯ ಮಾತು ಬಂದದ್ದಕ್ಕೆ. ನಸುಗುನ್ನಿ ಕಾಯಿ ಎಂದರೆ ನಮಗೆಲ್ಲ ಮೈ ತುರಿಕೆ, ಶಾಲೆಯ ಬೆಂಚಿನ ಮೇಲೆ ಉದುರಿಸಿ ಮೇಷ್ಟರಿಂದ ತಿಂದ ಏಟು. ಅದರ ಬೀಜದಲ್ಲಿರುವುದು ಎಲ್-ಡೋಪ, ಮಾವ ನುಂಗುವ ಮಾತ್ರೆಯ ಮುಖ್ಯ ಸತ್ವ. 1937ರಲ್ಲೇ ದಾಮೋದರನ್, ರಾಮಸ್ವಾಮಿ ಎಂಬಿಬ್ಬರು ಮದರಾಸಿನಲ್ಲಿ ಅದನ್ನು ಆ ಬೀಜದಿಂದ ಬೇರ್ಪಡಿಸಿದ್ದರು. ಅದು ಯಾವ ರೋಗಕ್ಕೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕೋಟ್ಜಿಯಾಸ್ ಎಂಬುವನು ಅಮೆರಿಕದಲ್ಲಿ ಬಾಯಿಯ ಮೂಲಕ ದೊಡ್ಡ ಪ್ರಮಾಣದಲ್ಲಿ ಕೊಟ್ಟು ರೋಗಿಗಳನ್ನು ಎಬ್ಬಿಸಿ ನಿಲ್ಲಿಸಿದ್ದು 1967ರಲ್ಲಿ. ಔಷಧ ಮೂವತ್ತು ವರ್ಷ ಸೀಸೆಯಲ್ಲಿ ಕೂತು ರೋಗವನ್ನು ಕಾದಿತ್ತು. ಕಾಯಿಲಿನದು ಇದಕ್ಕೆ ತಿರುವುಮುರುವು: ರೋಗವೆಲ್ಲ ಸಾಲುಗಟ್ಟಿ ನಿಂತಿದೆ, ಔಷಧ ಹೌದೋ ಅಲ್ಲವೋ ಎಂದು ಇನ್ನೂ ವಿಚಾರಣೆ ನಡೆಯುತ್ತಿದೆ.

*

ವಿಚಾರಣೆ 1994ರಲ್ಲೇ ಶುರು. ಪಾಸ್ಕ್ವಾಲ್ ಲಿಯೋನ್ ಎಂಬ ನರವಿಜ್ಞಾನಿ, ಆರು ರೋಗಿಗಳು, ಸೆಕೆಂಡಿಗೆ ಐದು ಏಟು. ಕೈ ಚುರುಕಾಯಿತು ಎಂದು ವರದಿ. ಐದು ವರ್ಷ ಕಳೆದು ಬೇರೆಯವರು ಅದನ್ನೇ ಮಾಡಿ ನೋಡಿದರೆ ಆಗಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಹೀಗೇ: ಸಣ್ಣ ಪ್ರಯೋಗದಲ್ಲಿ ಹೌದು, ದೊಡ್ಡದರಲ್ಲಿ ಅಷ್ಟೇನಿಲ್ಲ.

ವೇಗದ ಏಟು ಮಿದುಳನ್ನು ಕೆರಳಿಸುತ್ತದೆ, ನಿಧಾನದ ಏಟು ತಣಿಸುತ್ತದೆ ಎಂಬುದು ಈ ವಿದ್ಯೆಯ ಬಾಲಪಾಠ. ಕೈಕಾಲಾಡಿಸುವ ಭಾಗಕ್ಕೆ ವೇಗದ ಏಟು ಕೊಡುತ್ತಾರೆ, ಮಾವನಿಗೆ ಕೊಟ್ಟ ಹಾಗೆ. ಆದರೆ ಜಪಾನಿನವರು ಅದರ ಮುಂದಿನ ಭಾಗವನ್ನು, ಚಲನೆಯ ಯೋಜನೆ ನಡೆಯುವ ಜಾಗವನ್ನು ಹಿಡಿದರು. 2013ರಲ್ಲಿ ಪ್ರಕಟವಾದದ್ದು, 106 ರೋಗಿಗಳು, ಮೂರು ಗುಂಪು: ಸೆಕೆಂಡಿಗೆ ಒಂದು, ಸೆಕೆಂಡಿಗೆ ಹತ್ತು, ಮತ್ತೆ ಹುಸಿ. ಮೊದಲು ಹುಸಿಯವರೂ ಹತ್ತರವರೂ ಸುಧಾರಿಸಿದರು; ಚಿಕಿತ್ಸೆ ನಿಂತ ಮೇಲೆ ಆ ಸುಧಾರಣೆ ಕರಗಿತು. ಸೆಕೆಂಡಿಗೆ ಒಂದೇ ಏಟು ತಿಂದವರದು ಮಾತ್ರ ಇಪ್ಪತ್ತನೆಯ ವಾರದಲ್ಲೂ ಉಳಿದಿತ್ತು, ಸುಮಾರು 7 ಅಂಕದಷ್ಟು.

ಈ ಅಂಕ ಹಾಕುವುದನ್ನು ನೋಡಿದ್ದೇನೆ. ಬೆರಳಿಗೆ ಬೆರಳು ತಟ್ಟಿಸುತ್ತಾರೆ, ಮುಷ್ಟಿ ಬಿಚ್ಚಿ ಮುಚ್ಚಿಸುತ್ತಾರೆ, ಕುರ್ಚಿಯಿಂದ ಕೈಯೂರದೆ ಏಳಿಸುತ್ತಾರೆ, ಹಿಂದೆ ನಿಂತು ಹೆಗಲು ಹಿಡಿದು ಜಗ್ಗಿ ಎಷ್ಟು ಹೆಜ್ಜೆ ಹಿಂದೆ ಬರುತ್ತಾರೆಂದು ನೋಡುತ್ತಾರೆ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು. ಎಲ್ಲ ಕಣ್ಣಳತೆ. ನೋಡುವವರಿಗೂ ಆಸೆ ಇರುವುದಿಲ್ಲವೇ?

ಕಾಲು ಅಂಟಿಕೊಳ್ಳುವುದಕ್ಕೇ ಎಂದು ಇನ್ನೊಂದು ಬಗೆಯದನ್ನು ಪ್ರಯತ್ನಿಸಿದ್ದರು: ಉಪ್ಪುನೀರಲ್ಲಿ ಅದ್ದಿದ ಸ್ಪಂಜನ್ನು ನೆತ್ತಿಗೆ ಕಟ್ಟಿ ಅತಿ ಸಣ್ಣ ನೇರ ಕರೆಂಟು ಹರಿಸುವುದು. ಒಂದೆರಡು ಮಿಲಿಆಂಪಿಯರ್, ಇಪ್ಪತ್ತು ನಿಮಿಷ. 2018ರಲ್ಲಿ 20 ಜನರ ಮೇಲೆ ಒಂದೇ ಸಲ ಮಾಡಿ ನೋಡಿದಾಗ ಗುಣ ಕಂಡಿತು. 2021ರಲ್ಲಿ 77 ಜನರ ಮೇಲೆ ವಾರಗಟ್ಟಲೆ ಮಾಡಿದಾಗ ಹುಸಿಗಿಂತ ಮೇಲೆನ್ನಿಸಲಿಲ್ಲ.

ಯುರೋಪಿನ ತಜ್ಞರು 2020ರಲ್ಲಿ ಎಲ್ಲ ಒಟ್ಟುಹಾಕಿ ದರ್ಜೆ ಕೊಟ್ಟಿದ್ದಾರೆ. ಖಿನ್ನತೆಗೆ ಕಾಯಿಲ್ ಚಿಕಿತ್ಸೆ ಎ ದರ್ಜೆ, ಖಚಿತ. ಪಾರ್ಕಿನ್ಸನ್ಸಿನ ಚಲನೆಗೆ, ಎರಡೂ ಬದಿಗೆ ವೇಗದ ಏಟು ಕೊಟ್ಟರೆ, ಬಿ. ಎಂದರೆ 'ಬಹುಶಃ'. ನನ್ನ ಇಡೀ ಟಿಪ್ಪಣಿ ಪುಸ್ತಕಕ್ಕೆ ಈ ಒಂದು ಶಬ್ದ ಸಾಕಿತ್ತು.

*

ಕ್ಯಾಲಿಫೋರ್ನಿಯಾದಲ್ಲಿರುವ ಮಾವನ ಮಗ ವಾಟ್ಸಾಪಿನಲ್ಲಿ ಎರಡು ವಿಡಿಯೊ ಕಳಿಸಿದ. ಒಂದು, ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ಮನೆಯಲ್ಲೇ ಸ್ಪಂಜಿನ ಯಂತ್ರ ಮಾಡಿಕೊಳ್ಳುವುದು. ಬೇಡ ಅಂದೆ. ನೆತ್ತಿ ಸುಟ್ಟುಕೊಂಡರೆ ಡಾಕ್ಟರಮ್ಮನಿಗೆ ಮುಖ ತೋರಿಸುವವನು ನಾನು. ಇನ್ನೊಂದು, ಸ್ಟ್ಯಾನ್‌ಫರ್ಡಿನ ಪೀಟರ್ ಟಾಸ್ ಅವರ ಕೈಗವಸು. ಬೆರಳ ತುದಿಗಳನ್ನು ಸರದಿಯಲ್ಲಿ ಅದುರಿಸಿ ಮಿದುಳಿನ ಕೆಟ್ಟ ತಾಳವನ್ನು ಒಡೆಯುವ ಯೋಚನೆ. ಕೆಲವೇ ರೋಗಿಗಳ ಮೇಲೆ ನೋಡಿದ್ದಾರೆ. ಮತ್ತೆ ಅದುರುವಿಕೆಗೇ ಬಂದರಲ್ಲ! ಶಾರ್ಕೋನ ಕುರ್ಚಿ ಕುಗ್ಗಿ ಗವಸಾಗಿದೆ.

ಅಪ್ಪನನ್ನು ನೋಡಿಕೊಳ್ಳಲು ಆಗದ ಮಗ ವಿಡಿಯೊ ಕಳಿಸುತ್ತಾನೆ. ಬೈಯಬಾರದು. ರಾತ್ರಿ ಎರಡಕ್ಕೆ ಎದ್ದು ಹುಡುಕಿ ಕಳಿಸಿದ್ದಾನೆ.

*

ಹತ್ತೂ ಮುಗಿದವು, ಲೆಕ್ಕಕ್ಕೆ ಹಿಡಿಯದ್ದನ್ನು ಬಿಟ್ಟು. ಮೂರು ವಾರವಾಯಿತು.

ಅತ್ತೆಯ ಪ್ರಕಾರ ಗುಣವಾಗಿದೆ. ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಹಿಂದೆ ವಿಷ್ಣು ಸಹಸ್ರನಾಮ ಅರ್ಧ ಮುಗಿಯುತ್ತಿತ್ತಂತೆ, ಈಗ ಧ್ಯಾನಶ್ಲೋಕದಲ್ಲೇ ತಲುಪುತ್ತಾರಂತೆ. ನನಗೆ ಕಂಡದ್ದು: ಬಾಗಿಲಲ್ಲಿ ಇನ್ನೂ ನಿಲ್ಲುತ್ತಾರೆ, ಆದರೆ ನಿಂತು ಹೊರಡುವುದು ಬೇಗ. ಧ್ವನಿ ಹಾಗೇ ಸಣ್ಣಗಿದೆ. ಡಾಕ್ಟರಮ್ಮನ ಕಾಗದದಲ್ಲಿ 4 ಅಂಕ ಇಳಿದಿದೆ. ಇಳಿದರೆ ಒಳ್ಳೆಯದು.

ಮಾವನನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಮೇಜಿನ ಖಾನೆಯಿಂದ ನಾಲ್ಕು ಹಾಳೆ ತೆಗೆದರು. ಆಸ್ಪತ್ರೆಯಲ್ಲಿ ಸುರುಳಿ ಬರೆಸುತ್ತಾರೆ, ಒಳಗಿನ ಚುಕ್ಕೆಯಿಂದ ಹೊರಕ್ಕೆ ಸುತ್ತುತ್ತ ಹೋಗುವುದು. ನಡುಕ ಗೆರೆಯಲ್ಲಿ ಹಲ್ಲುಹಲ್ಲಾಗಿ ಮೂಡುತ್ತದೆ. ಅಲ್ಲಿಯ ಪೆನ್ನು ಸರಿಯಿಲ್ಲವೆಂದು ಮನೆಗೆ ಬಂದು ತಮ್ಮ ಹಳೇ ಡ್ರಾಯಿಂಗ್ ಪೆನ್ಸಿಲಿನಲ್ಲಿ ತಾವೇ ಬರೆದಿಟ್ಟಿದ್ದರು. ಎಲ್ಲವನ್ನೂ ಒಂದೇ ಹೊತ್ತಿಗೆ, ಮಾತ್ರೆ ನುಂಗಿ ಒಂದು ಗಂಟೆಗೆ. ತಾರೀಖು ಹಿಂಬದಿಯಲ್ಲಿ. ಹಾಳೆಗಳನ್ನು ನನ್ನಿಂದ ಮರೆಮಾಡಿ ಕಲಸಿದರು. ನಡುಗುವ ಕೈಗೆ ಇಸ್ಪೀಟು ಕಲಸುವುದು ಸುಲಭ.

"ಯಾವುದು ಮುಂಚಿನದು, ಯಾವುದು ಆಮೇಲಿನದು, ಹೇಳು."

ಒಂದು ಹಾಳೆ ಎದ್ದು ಕಾಣುತ್ತಿತ್ತು. ಗೆರೆ ನಯವಾಗಿ, ಸುತ್ತು ಸುತ್ತಿಗೂ ಅಂತರ ಒಂದೇ ಸಮ, ಕೊನೆಯ ಸುತ್ತಿನಲ್ಲಿ ಮಾತ್ರ ಸ್ವಲ್ಪ ಹಲ್ಲು. ಇದು ಕೊನೆಯದು ಅಂದೆ, ಧೈರ್ಯವಾಗಿ. ಇನ್ನೊಂದು ಪೂರಾ ಗರಗಸ. ಇದು ಮೊದಲಿನದು.

ಮಾವ ತಿರುಗಿಸಿದರು. ನಯವಾದದ್ದು ಮೊದಲ ಸಿಟ್ಟಿಂಗಿಗೆ ಎರಡು ದಿನ ಮುಂಚಿನದು. ಗರಗಸ ಏಳನೆಯ ಸಿಟ್ಟಿಂಗ್ ಆದ ಸಂಜೆಯದು.

"ಹಾಗಾದ್ರೆ ಏನೂ ಆಗಿಲ್ವೇ ಮಾವ?"

"ನಡೆಯೋದು ಹಗುರ ಆಗಿದೆ ಕಣೋ. ಸುಳ್ಳಲ್ಲ." ಹಾಳೆಗಳನ್ನು ಒಂದರ ಮೇಲೊಂದು ಅಂಚು ಸೇರಿಸಿ ಜೋಡಿಸಿದರು, ಅದಕ್ಕೇ ಎರಡು ನಿಮಿಷ ಹಿಡಿಯಿತು. "ನಿಮ್ಮತ್ತೆಗೆ ಇದನ್ನ ತೋರಿಸ್ಬೇಡ."

ಖಾನೆ ಮುಚ್ಚಿ, ಗಡಿಯಾರ ನೋಡಿ, ನಾಲ್ಕು ಗಂಟೆಯ ಮಾತ್ರೆ ಕೇಳಿದರು.